ನೂರಿಪ್ಪತ್ತೈದರ ಆಸೆ: ಪುಣೆಯಿಂದ ಉರುಳಿಕಾಂಚನಕ್ಕೆ

ಪುಣೆಗೆ ಬರುವ ನಮ್ಮ ನೆಂಟರಿಷ್ಟರು ಶನಿವಾರವಾಡೆ, ಪರ್ವತಿ, ಸಿಂಹಗಡಗಳನ್ನು ನೋಡಿ, ಬಾಕರವಡಿಯ ಪೊಟ್ಟಣ ಕಟ್ಟಿಸಿಕೊಂಡು ಊರಿಗೆ ಮರಳುವುದು ರೂಢಿ. ತಪ್ಪೇನೂ ಇಲ್ಲ. ಆದರೆ ತಿಂಡಿತಿನಿಸಿಗೆ ಹೆಸರಾದ ಈ ಊರಿನಲ್ಲಿ ಕಡಿಮೆ ತಿನ್ನುವುದರ ಇತಿಹಾಸವೂ ಒಂದಿದೆ. ಒಂದೇ ದಿನದಲ್ಲಿ ನೋಡಿ ಮುಗಿಸಬಹುದಾದ ಮೂರು ಸ್ಥಳಗಳು ಅದನ್ನು ಹೇಳುತ್ತವೆ: ನಗರ ರಸ್ತೆಯ ಆಗಾಖಾನ್ ಅರಮನೆ, ರೈಲು ನಿಲ್ದಾಣದ ಹತ್ತಿರ ತಾಡಿವಾಲಾ ರಸ್ತೆಯ ಬಾಪೂ ಭವನ, ಮತ್ತು ಊರಿನಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ದೂರದ ಉರುಳಿಕಾಂಚನ.

ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ್ದು ಗಾಂಧೀಜಿಯವರ ಊಟದ ಪ್ರಯೋಗ. 1915ರ ಹರಿದ್ವಾರದ ಕುಂಭಮೇಳದಲ್ಲಿ ಅವರು ದಿನಕ್ಕೆ ಐದು ಪದಾರ್ಥಗಳಿಗಿಂತ ಹೆಚ್ಚು ತಿನ್ನುವುದಿಲ್ಲ, ಕತ್ತಲಾದ ಮೇಲೆ ಉಣ್ಣುವುದಿಲ್ಲ ಎಂದು ವ್ರತ ತೊಟ್ಟರು. 1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ, 'ಭಾರತ ಬಿಟ್ಟು ತೊಲಗಿ' ಎಂದು ಬ್ರಿಟಿಷರಿಗೆ ಸಾರಿದ ಸಭೆಯಲ್ಲಿಯೇ, ತಾವು ಪೂರ್ಣಾಯುಷ್ಯ ಬದುಕಬೇಕೆಂದಿದ್ದೇವೆ, ತಮ್ಮ ಲೆಕ್ಕದಲ್ಲಿ ಪೂರ್ಣಾಯುಷ್ಯವೆಂದರೆ 125 ವರ್ಷ ಎಂದೂ ಹೇಳಿದರು. ಆಗ ಅವರಿಗೆ 72 ತುಂಬಿತ್ತು.

ಕಳೆದ ಡಿಸೆಂಬರಿನ ಎರಡನೆಯ ಶನಿವಾರ ನಾವು ಈ ದಾರಿ ಹಿಡಿದದ್ದು ನಮ್ಮ ಮಾಮಾ ಅವರ ಒತ್ತಾಯದಿಂದ. ಧಾರವಾಡದ ಕಡೆಯವರು, ವಯಸ್ಸು 68. ಆಹಾರ ಇಳಿದರೆ ಆಯುಷ್ಯ ಏರುತ್ತದೆಂದು ಎಲ್ಲಿಯೋ ಓದಿ, ಎರಡು ವರ್ಷದಿಂದ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ತಕ್ಕಡಿ ಇಟ್ಟುಕೊಂಡಿದ್ದಾರೆ. ಬೆಳಗಿನ ಹೊತ್ತು ಒಂದು ಜೋಳದ ರೊಟ್ಟಿ, ಪಲ್ಯ, ಒಂದು ಬಟ್ಟಲು ಮಜ್ಜಿಗೆ. ಸಂಜೆ ಐದಕ್ಕೆ ಬೇಯಿಸಿದ ಕಾಯಿಪಲ್ಯ, ತುಸು ಹೆಸರುಬೇಳೆಯ ಕಟ್ಟು. ಎಲ್ಲವನ್ನೂ ತೂಗಿ ನೋಟುಪುಸ್ತಕದಲ್ಲಿ ಬರೆಯುತ್ತಾರೆ. ದಿನಕ್ಕೆ 1000 ಕ್ಯಾಲೊರಿ ದಾಟುವಂತಿಲ್ಲ.

ತೂಕ 17 ಕಿಲೋ ಇಳಿಯಿತು. ಮೊದಮೊದಲು ಎಲ್ಲರೂ ಶಹಬಾಸ್ ಎಂದರು. ಈಚೆಗೆ ಅವರು ನೆಲದಿಂದ ಏಳಬೇಕಾದರೆ ಇನ್ನೊಬ್ಬರ ತೋಳು ಬೇಕು. ಬಿಸಿಲಿನಲ್ಲಿಯೂ ಶಾಲು ಹೊದೆಯುತ್ತಾರೆ. ಮಾಮಿಯ ದುಃಖ ಬೇರೆ ಬಗೆಯದು. ನಾಲ್ವತ್ತು ವರ್ಷ ಇಬ್ಬರೂ ಎದುರುಬದುರು ಕುಳಿತು ಉಂಡ ಮನೆಯಲ್ಲಿ ಈಗ ರಾತ್ರಿ ಅವರೊಬ್ಬರೇ ತಟ್ಟೆಯ ಮುಂದೆ ಕೂರಬೇಕು. "ನೂರು ವರ್ಷ ಬದುಕ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ನನ್ನ ಜೋಡಿ ಒಂದ್ ತುತ್ತು ಉಣ್ಣಾಕ ಏನಾಗ್ತದ?" ಎಂದು ಅವರು ಕೇಳಿದ್ದನ್ನು ನಾವು ಒಂದೆರಡು ಸಲವಲ್ಲ, ಹಲವು ಸಲ ಕೇಳಿದ್ದೇವೆ.

ಆಗಾಖಾನ್ ಅರಮನೆಯನ್ನು ಕಟ್ಟಿಸಿದ್ದು 1892ರಲ್ಲಿ. ದೊಡ್ಡ ಕಮಾನುಗಳು, ಅಗಲವಾದ ಮೊಗಸಾಲೆ, ಸುತ್ತ ಹಸುರು ಹಾಸು. ಹೊರಗಿನಿಂದ ನೋಡಿದರೆ ಇದು ಸೆರೆಮನೆಯಾಗಿತ್ತೆಂದು ಯಾರೂ ನಂಬಲಾರರು. ಮುಂಬಯಿಯ ಆ ಭಾಷಣದ ಮರುದಿನವೇ ಬಂಧನವಾಗಿ ಗಾಂಧೀಜಿ ಇಲ್ಲಿಗೆ ಬಂದರು. 1944ರ ಮೇ 6ರ ವರೆಗೆ ಇಲ್ಲಿಯೇ ಇದ್ದರು. ಅವರಿದ್ದ ಕೋಣೆ, ಬಳಸಿದ ಪಾತ್ರೆ, ಪಾದರಕ್ಷೆಗಳನ್ನು ಜತನವಾಗಿ ಇರಿಸಿದ್ದಾರೆ. 1943ರ ಫೆಬ್ರವರಿ 10ರಿಂದ ಮಾರ್ಚ್ 3ರ ವರೆಗೆ ಅವರು 21 ದಿನ ಉಪವಾಸ ಮಾಡಿದ್ದೂ ಇಲ್ಲಿಯೇ. ಮಾಮಾ ಆ ಕೋಣೆಯ ಬಾಗಿಲಲ್ಲಿ ಕೈಮುಗಿದು ಬಹಳ ಹೊತ್ತು ನಿಂತರು.

ಹಿಂದಿನ ಅಂಗಳದಲ್ಲಿ ಎರಡು ಸಮಾಧಿಗಳಿವೆ. ಒಂದು ಮಹಾದೇವ ದೇಸಾಯಿಯವರದು. ಸೆರೆಗೆ ಬಂದು ವಾರ ತುಂಬುವ ಮೊದಲೇ, 1942ರ ಆಗಸ್ಟ್ 15ರಂದು ಅವರು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಐವತ್ತು. ಇನ್ನೊಂದು ಕಸ್ತೂರಬಾ ಅವರದು. ಅವರು ಕಣ್ಣು ಮುಚ್ಚಿದ್ದು 1944ರ ಫೆಬ್ರವರಿ 22ರಂದು. ನೂರಿಪ್ಪತ್ತೈದು ವರ್ಷದ ಆಸೆ ಹೊತ್ತು ಒಳಗೆ ಬಂದವರು ಹೆಂಡತಿಯನ್ನೂ ಮಗನಂತಿದ್ದ ಕಾರ್ಯದರ್ಶಿಯನ್ನೂ ಇಲ್ಲಿ ಬಿಟ್ಟು ಹೊರಗೆ ಹೋದರು. ಮಾಮಿ ಕಸ್ತೂರಬಾ ಸಮಾಧಿಯ ಮೇಲೆ ಎರಡು ಸೇವಂತಿಗೆ ಹೂ ಇಟ್ಟು, ಏನೂ ಮಾತಾಡದೆ ನಮ್ಮ ಮಗಳ ಕೈ ಹಿಡಿದು ನಡೆದರು.

ಆರೋಗ್ಯವನ್ನು ಕುರಿತ ಗಾಂಧೀಜಿಯ ಪುಟ್ಟ ಪುಸ್ತಕವೂ ಈ ಅರಮನೆಯಲ್ಲಿಯೇ ಹುಟ್ಟಿತು. 1942ರ ಆಗಸ್ಟಿನಿಂದ ಡಿಸೆಂಬರ್ ನಡುವೆ ಗುಜರಾತಿಯಲ್ಲಿ ಅದನ್ನು ಬರೆದರು. ಆರೋಗ್ಯದ ಕೀಲಿಕೈ ಎಂದು ಹೆಸರಿನ ಅರ್ಥ. ಆಹಾರವನ್ನು ಔಷಧದಂತೆ, ದೇಹ ನಡೆಯಲು ಬೇಕಾದಷ್ಟೇ ತೆಗೆದುಕೊಳ್ಳಬೇಕೆಂಬುದು ಅದರ ತಿರುಳು. ಆ ಪುಸ್ತಕದ ಒಂದು ಪ್ರತಿ ಮಾಮಾ ಅವರ ಚೀಲದಲ್ಲಿ ಯಾವಾಗಲೂ ಇರುತ್ತದೆ.

ಅಲ್ಲಿಂದ ತಾಡಿವಾಲಾ ರಸ್ತೆಗೆ ಬಂದೆವು. ಇಲ್ಲಿ ಡಾಕ್ಟರ್ ದಿನಶಾ ಮೆಹತಾ ಅವರ ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆಯಿತ್ತು. ಸೆರೆಯಿಂದ ಬಿಡುಗಡೆಯಾದ ಮೇಲೆ ಗಾಂಧೀಜಿ ಹಲವು ಸಲ ಇಲ್ಲಿ ತಂಗಿದರು. 1945ರ ನವೆಂಬರ್ 18ರಂದು ಪ್ರಕೃತಿ ಚಿಕಿತ್ಸೆಗಾಗಿ ಇಲ್ಲಿ ಒಂದು ನ್ಯಾಸವನ್ನೂ ಸ್ಥಾಪಿಸಿದರು. ಬಾಪೂ ಭವನವೆಂದು ಕರೆಯುವ ಈ ಆವರಣದಲ್ಲಿ 1986ರಿಂದ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆ ನಡೆದುಬಂದಿದೆ.

ಮರದ ನೆರಳಿನಲ್ಲಿ ಕುಳಿತಾಗ ಮಾಮಾ ತಮ್ಮ ಪ್ರಿಯ ವಿಷಯವನ್ನು ತೆಗೆದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕ್ಲೈವ್ ಮೆಕೇ ಎಂಬ ವಿಜ್ಞಾನಿ ಇಲಿಗಳಿಗೆ ಜೀವಸತ್ವಗಳನ್ನು ಕೊರತೆಯಿಲ್ಲದೆ ಕೊಟ್ಟು, ಒಟ್ಟು ಆಹಾರವನ್ನು ಮಾತ್ರ ಇಳಿಸಿದಾಗ ಅವು ಹೆಚ್ಚು ಕಾಲ ಬದುಕಿದುವೆಂದು 1935ರಲ್ಲಿ ಪ್ರಕಟವಾಯಿತು. ಮಾಮಾ ಹೇಳಿದ್ದು ನಿಜವೇ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ದೇಶದಲ್ಲಿ ಎರಡು ಕಡೆ ಕೋತಿಗಳ ಮೇಲೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಪ್ರಯೋಗ ನಡೆಯಿತು. ವಿಸ್ಕಾನ್ಸಿನ್‌ನವರು ಲಾಭವಿದೆಯೆಂದು 2009ರಲ್ಲಿ ಹೇಳಿದರು. ಸರಕಾರದ ವಾರ್ಧಕ್ಯ ಸಂಸ್ಥೆಯವರು ಆರೋಗ್ಯಕ್ಕೆ ಕೆಲವು ಅನುಕೂಲ ಕಂಡರೂ ಆಯುಷ್ಯ ಹೆಚ್ಚಲಿಲ್ಲವೆಂದು 2012ರಲ್ಲಿ ಹೇಳಿದರು. ಮನುಷ್ಯರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2015ರಲ್ಲಿ ಬಂತು. ಬೊಜ್ಜಿಲ್ಲದ 218 ಜನ, ಎರಡು ವರ್ಷ. ನೂರಕ್ಕೆ 25ರಷ್ಟು ಆಹಾರ ಇಳಿಸಬೇಕೆಂಬುದು ಗುರಿ. ವೈದ್ಯರ ಕಾವಲಿದ್ದರೂ ಅವರಿಂದಾದದ್ದು ಸುಮಾರು 12 ಮಾತ್ರ. ರಕ್ತದೊತ್ತಡ, ಕೊಬ್ಬು ಸುಧಾರಿಸಿದುವು. ಮೂಳೆಯ ಸಾಂದ್ರತೆ ತುಸು ತಗ್ಗಿತು. ಎರಡು ವರ್ಷದ ಪರೀಕ್ಷೆಯಿಂದ ಆಯುಷ್ಯದ ಅಳತೆ ಸಿಗುವಂತಿಲ್ಲ.

"ಮಾಮಾ, ಅವರೆಲ್ಲಾ ನಡುವಯಸ್ಸಿನವರು. ಅವರು ಬಿಟ್ಟದ್ದು ಎಂಟರಲ್ಲಿ ಒಂದು ಪಾಲು. ನೀವು ಅರ್ಧಕ್ಕರ್ಧ ಬಿಟ್ಟೀರಿ" ಎಂದೆವು.

"ಗಾಂಧೀಜಿ ಬಿಡಲಿಲ್ಲೇನು?" ಎಂದರು ಮಾಮಾ.

ಈ ಪ್ರಶ್ನೆಯನ್ನು ಹೊತ್ತುಕೊಂಡೇ ದೌಂಡ್ ಕಡೆಯ ಗಾಡಿ ಹತ್ತಿದೆವು. ಹಡಪ್ಸರ್, ಮಾಂಜರಿ, ಲೋಣಿ ದಾಟುತ್ತಲೇ ಊರಿನ ಗದ್ದಲ ಹಿಂದಾಗಿ ಕಬ್ಬಿನ ಗದ್ದೆಗಳು ಕಾಣಿಸುತ್ತವೆ. ಈ ಹಸುರಿಗೆ ಕಾರಣ ಖಡಕವಾಸಲಾ ಜಲಾಶಯದಿಂದ ಬರುವ ಮುಠಾ ಕಾಲುವೆ. ಆ ಖಡಕವಾಸಲಾದ ಕೋಡಿಗೆ 1903ರಲ್ಲಿ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಕೂಡಿಸಿದವರು ನಮ್ಮ ವಿಶ್ವೇಶ್ವರಯ್ಯನವರೆಂಬುದನ್ನು ಇಲ್ಲಿ ಹಾದುಹೋಗುವ ಕನ್ನಡಿಗರು ನೆನೆಯಬೇಕು. ಪುಣೆಯಲ್ಲಿಯೇ ಓದಿ, ಪುಣೆಯಲ್ಲಿ ದುಡಿದು, ನೂರು ದಾಟಿ 1962ರಲ್ಲಿ ತೀರಿಕೊಂಡ ಹಿರಿಯರು ಅವರು. ಮಾಮಾ ಅವರ ಪಟ್ಟಿಯಲ್ಲಿ ಅವರ ಹೆಸರೂ ಇದೆ.

ಗಾಡಿಯಲ್ಲಿ ಜಾಗ ಸಿಕ್ಕಿತ್ತು. ಮಾಮಾ ಅವರ ಚೀಲದಿಂದಲೇ ಆ ಪುಸ್ತಕ ತೆಗೆದು, ಅವರದೇ ನೋಟುಪುಸ್ತಕದ ಖಾಲಿ ಹಾಳೆಯಲ್ಲಿ ಲೆಕ್ಕಕ್ಕೆ ಕುಳಿತೆವು. ಕುಳಿತು ಕೆಲಸ ಮಾಡುವವನಿಗೆ ದಿನಕ್ಕೆ ಇಷ್ಟು ಬೇಕೆಂದು ಗಾಂಧೀಜಿ ಅದರಲ್ಲಿ ಪಟ್ಟಿ ಕೊಟ್ಟಿದ್ದಾರೆ. ಹಸುವಿನ ಹಾಲು ಎರಡು ಪೌಂಡು. ಗೋಧಿ, ಅಕ್ಕಿ, ಸಜ್ಜೆ ಎಲ್ಲ ಸೇರಿ ಧಾನ್ಯ ಆರು ಔನ್ಸು. ಸೊಪ್ಪು ಮೂರು, ಇತರ ತರಕಾರಿ ಐದು, ಹಸಿಯ ತರಕಾರಿ ಒಂದು ಔನ್ಸು. ತುಪ್ಪ ಒಂದೂವರೆ ಔನ್ಸು, ಬೆಲ್ಲ ಅಥವಾ ಸಕ್ಕರೆ ಒಂದೂವರೆ ಔನ್ಸು. ಹಣ್ಣು ರುಚಿಗೂ ಜೇಬಿಗೂ ತಕ್ಕಂತೆ. ಗ್ರಾಮಿಗೆ ಇಳಿಸಿದರೆ ಹಾಲು 900 ಗ್ರಾಂ, ಧಾನ್ಯ 170, ತುಪ್ಪ 43, ಬೆಲ್ಲ 43. ಹಾಲಿನಿಂದ ಸುಮಾರು 600 ಕ್ಯಾಲೊರಿ, ಧಾನ್ಯದಿಂದ 590, ತುಪ್ಪದಿಂದ 385, ಬೆಲ್ಲದಿಂದ 160, ತರಕಾರಿಯಿಂದ ನೂರರ ಆಸುಪಾಸು. ಹಣ್ಣು ಬಿಟ್ಟೇ ಒಟ್ಟು 1800 ದಾಟಿತು.

"ಮತ್ತೊಮ್ಮೆ ನೋಡ್ರಿ" ಎಂದರು ಮಾಮಾ. ಮತ್ತೊಮ್ಮೆ ಕೂಡಿಸಿದೆವು. ಅಂಕಿ ಕದಲಲಿಲ್ಲ. ಆಮೇಲೆ ತಾವೇ ಪೆನ್ನು ಹಿಡಿದು ಮೂರನೆಯ ಸಲ ಕೂಡಿಸಿದರು. ಲೋಣಿಯಿಂದ ಉರುಳಿಯ ವರೆಗೂ ಅವರು ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದರು.

ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಗಾಂಧೀಜಿ ಬಡಕಲು ಮೈಯವರೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ 2019ರಲ್ಲಿ ಹೊರತಂದ ದಾಖಲೆಯಂತೆ ಅವರ ತೂಕ 46.7 ಕಿಲೋ, ಎತ್ತರ ಐದಡಿ ಐದಂಗುಲ. ಇಂದಿನ ಲೆಕ್ಕದಲ್ಲಿ ಅದು ಕಡಿಮೆ ತೂಕ. ಆದರೆ ಅದೇ ದಾಖಲೆಯಂತೆ 1940ರ ಫೆಬ್ರವರಿಯಲ್ಲಿ ಅವರ ರಕ್ತದೊತ್ತಡ 220/110 ಇತ್ತು. ಮಿತವಾಗಿ ಉಂಡವರಿಗೂ ವೈದ್ಯರ ಕಣ್ಣಿನ ಅಗತ್ಯ ತಪ್ಪಲಿಲ್ಲ.

ಉರುಳಿಕಾಂಚನಕ್ಕೆ ಗಾಂಧೀಜಿ ಬಂದದ್ದು 1946ರ ಮಾರ್ಚ್ 22ರಂದು. ಬಡವರಿಗಾಗಿ ಚಿಕಿತ್ಸೆ ನಡೆಸಬೇಕಾದರೆ ಬಡವರು ಪಟ್ಟಣಕ್ಕೆ ಬರಲಾರರು, ನಾವೇ ಹಳ್ಳಿಗೆ ಹೋಗಬೇಕು ಎಂಬುದು ಅವರಿಗೆ ಪುಣೆಯಲ್ಲಿ ಮನದಟ್ಟಾಗಿತ್ತು. ಇಲ್ಲಿದ್ದ ಎಂಟು ದಿನ ರೋಗಿಗಳನ್ನು ತಾವೇ ನೋಡಿ, ಬಿಸಿಲುಸ್ನಾನ, ಕಟಿಸ್ನಾನ, ಹಣ್ಣಿನ ರಸ, ಹಾಲು, ರಾಮನಾಮ ಇವನ್ನೇ ಮದ್ದಾಗಿ ಹೇಳಿದರು. ಆಗ ನೆಲೆಗೊಂಡ ನಿಸರ್ಗೋಪಚಾರ ಆಶ್ರಮ ಈಗಲೂ ಇದೆ. ಎತ್ತರದ ಮರಗಳು, ಓರಣವಾದ ಕುಟೀರಗಳು. ಹೆದ್ದಾರಿ ಇಷ್ಟು ಹತ್ತಿರವಿದ್ದರೂ ಒಳಗೆ ಹಕ್ಕಿಯ ದನಿ ಕೇಳುವಷ್ಟು ಶಾಂತಿ. ಮಣ್ಣಿನ ಪಟ್ಟಿ, ಹಬೆಸ್ನಾನ, ಪಥ್ಯದ ಊಟಕ್ಕಾಗಿ ದೂರದೂರದಿಂದ ಜನ ಬಂದು ತಂಗುತ್ತಾರೆ.

ಈ ಊರಿನ ಕಥೆಯಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಮಣಿಭಾಯಿ ದೇಸಾಯಿಯವರ ಭಾಗ. ಗಾಂಧೀಜಿ ಹೊರಟುಹೋದ ಮೇಲೆ ಇಲ್ಲಿಯೇ ಉಳಿದು ಬಾಳನ್ನೆಲ್ಲ ಸವೆಸಿದ ತರುಣ ಅವರು. ಹಳ್ಳಿಯ ಜನಕ್ಕೆ ಬೇಕಾದದ್ದು ಬರಿಯ ಪಥ್ಯವಲ್ಲ, ಹೊಟ್ಟೆತುಂಬ ಅನ್ನ, ಮಕ್ಕಳಿಗೆ ಹಾಲು ಎಂದು ಕಂಡುಕೊಂಡು ಗೋಸೇವೆಗೆ ಕೈಹಾಕಿದರು. 1967ರಲ್ಲಿ ಅವರು ಇಲ್ಲಿ ಹುಟ್ಟುಹಾಕಿದ ಬಾಯಿಫ್ ಸಂಸ್ಥೆ ಹೆಚ್ಚು ಹಾಲು ಕೊಡುವ ಮಿಶ್ರತಳಿಯ ಹಸುಗಳನ್ನು ರೈತರ ಮನೆಬಾಗಿಲಿಗೆ ತಲುಪಿಸಿತು. ನಮ್ಮ ಕರ್ನಾಟಕದಲ್ಲಿಯೂ ಅದರ ಕೆಲಸವಿದೆ. 1982ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಉಳ್ಳವರು ತುತ್ತು ಕಡಿಮೆ ಮಾಡಲು ಬರುವ ಊರಿನಿಂದಲೇ ಇಲ್ಲದವರ ಬಟ್ಟಲಿಗೆ ಹಾಲು ಹರಿಯಿತು. ಎರಡೂ ಬೇಕು. ಯಾರಿಗೆ ಯಾವುದು ಎಂಬುದನ್ನು ತಿಳಿಯುವುದೇ ಕಷ್ಟ.

ಆ 125ರ ಆಸೆ ಏನಾಯಿತೆಂಬುದನ್ನೂ ಹೇಳಿಬಿಡಬೇಕು. 1947ರ ಅಕ್ಟೋಬರ್ 2ರಂದು, ದಿಲ್ಲಿ ಹೊತ್ತಿ ಉರಿಯುತ್ತಿದ್ದಾಗ, ತಮಗೆ ಅಷ್ಟು ಕಾಲ ಬದುಕುವ ಇಚ್ಛೆ ಉಳಿದಿಲ್ಲವೆಂದು ಗಾಂಧೀಜಿ ಹೇಳಿದರು. ನಾಲ್ಕು ತಿಂಗಳಲ್ಲಿ ಗುಂಡಿಗೆ ಬಲಿಯಾದರು. ವಯಸ್ಸು 78. ಅವರು ವರ್ಷಗಳನ್ನು ಕೇಳಿದ್ದು ಸೇವೆಗಾಗಿ. ಸುತ್ತಲಿನ ಜನ ಒಬ್ಬರನ್ನೊಬ್ಬರು ಕೊಲ್ಲುತ್ತಿರುವಾಗ ಆ ವರ್ಷಗಳು ಅವರಿಗೆ ಭಾರವಾದುವು.

ಹೊರಗೆ ಒಂದು ಬೇವಿನ ಮರದ ಕೆಳಗೆ ಮಾಮಿ ಬುತ್ತಿ ಬಿಚ್ಚಿದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಮಾಮಾ ಅವರ ಪಾಲಿನ ರೊಟ್ಟಿಯನ್ನು ಎಂದಿನಂತೆ ಪ್ರತ್ಯೇಕ ಡಬ್ಬಿಯಲ್ಲಿ ತೂಗಿ ತಂದಿದ್ದರು. ಅದು ಮುಗಿದ ಮೇಲೆ ಮಾಮಾ ತುಸು ಹೊತ್ತು ಸುಮ್ಮನಿದ್ದು, ಮಾಮಿಯ ತಟ್ಟೆಯ ಕಡೆ ನೋಡಿ, "ಅರ್ಧ ರೊಟ್ಟಿ ಕೊಡು. ಮೊಸರೂ ಹಾಕು" ಎಂದರು. ಮಾಮಿ ಮಾತಿಲ್ಲದೆ ಬಡಿಸಿದರು. ಉಂಡಾದ ಮೇಲೆ ಆ ಅರ್ಧ ರೊಟ್ಟಿಯನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡರು. ಅಭ್ಯಾಸ ಒಂದೇ ದಿನದಲ್ಲಿ ಬಿಡುವಂಥದಲ್ಲ. ಮುಂದಿನ ವಾರ ಅವರನ್ನು ವೈದ್ಯರ ಬಳಿ ಕರೆದೊಯ್ದೆವು. ಈ ವಯಸ್ಸಿನಲ್ಲಿ ಮೈಯ ಮಾಂಸಖಂಡ ಕರಗಿದರೆ ಮರಳಿ ಕೂಡುವುದು ನಿಧಾನ, ಬಿದ್ದರೆ ಮೂಳೆ ಮುರಿಯುವ ಭಯ ಬೇರೆ ಎಂದು ಅವರು ತಿಳಿಸಿ ಹೇಳಿದರು. ಈಗ ರಾತ್ರಿ ಎಂಟಕ್ಕೆ ಮಾಮಾ ಒಂದು ರೊಟ್ಟಿ, ಒಂದು ಬಟ್ಟಲು ಹಾಲು ತೆಗೆದುಕೊಳ್ಳುತ್ತಾರೆ, ಮಾಮಿಯ ಎದುರಿಗೆ ಕುಳಿತು. ತಕ್ಕಡಿ ಕಟ್ಟೆಯ ಮೇಲೆಯೇ ಇದೆ.

ಹೋಗಬಯಸುವ ಕುಟುಂಬಗಳಿಗೆ ಎರಡು ಮಾತು. ನವೆಂಬರಿನಿಂದ ಫೆಬ್ರವರಿಯ ವರೆಗೆ ಹವೆ ಹಿತವಾಗಿರುತ್ತದೆ. ಅರಮನೆಯನ್ನು ಬೆಳಗ್ಗೆಯೇ ನೋಡಿ ಮುಗಿಸಿದರೆ ಮಧ್ಯಾಹ್ನದ ಗಾಡಿಗೆ ಸರಿಯಾಗುತ್ತದೆ. ಆಶ್ರಮ ರೋಗಿಗಳ ವಿಶ್ರಾಂತಿಯ ಸ್ಥಳವಾದ್ದರಿಂದ ಮೊದಲೇ ವಿಚಾರಿಸಿಕೊಂಡು ಹೋಗುವುದು, ಮಕ್ಕಳಿಗೆ ಗದ್ದಲ ಮಾಡದಂತೆ ಹೇಳುವುದು ಒಳಿತು. ಸಮಯ ಉಳಿದರೆ ದಾರಿಯಲ್ಲಿ ಥೇವೂರಿನ ಚಿಂತಾಮಣಿ ಗಣಪತಿಯ ದರ್ಶನವೂ ಆಗುತ್ತದೆ. ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಳ್ಳಿರಿ, ಮತ್ತು ತುಸು ಹೆಚ್ಚಾಗಿಯೇ ಕಟ್ಟಿಕೊಳ್ಳಿರಿ.