ಊದುಗೊಳವಿ ಇರೋ ಗಾಡಿ

ಹೋದ ವಾರ ಗೋಕುಲ ರೋಡಿನ ವೈನಿ ಫೋನ್ ಮಾಡಿ, "ಅಲ್ರೀ, ನಿಮ್ಮ ಹುಡುಗ ಕಾರಿಗೆ ಎಪ್ಪತ್ತ ಸಾವಿರ ಸುರೀಲಿಕ್ಕತ್ತಾನಂತಲ್ಲ, ನೀವು ಸುಮ್ಮನ ಕೂತೀರೇನು?" ಅಂತ ಕೇಳಿದ್ರು. ಒಬ್ಬೊಬ್ಬರಿಗೇ ಫೋನಿನ್ಯಾಗ ಹೇಳ್ಕೋತ ಕೂಡೋದಕ್ಕಿಂತ ಇಲ್ಲೇ ಬರದ್ರ ಎಲ್ಲಾರೂ ಓದ್ತೀರಿ. ಸುಮ್ಮನ ಕೂತಿಲ್ಲ ವೈನಿ. ಜಗಳಾಡೀನಿ, ಎಂಟ ದಿವಸ ಮಗನ ಕಡೆ ಮಾತ ಬಿಡಿಸ್ಕೊಂಡೀನಿ, ಆಮ್ಯಾಲೆ ಈ ವಯಸ್ಸಿನ್ಯಾಗ ಬಗ್ಗಿ ಟೈರಿನ ಮ್ಯಾಲಿನ ನಂಬರ ಓದೋದೂ ಕಲತೀನಿ.

ಗಾಡಿ ನೀವೆಲ್ಲಾ ನೋಡೀರಿ. ಕೆಂಪು ಪೋಲೊ, 2020ರದು, ಸೆಕೆಂಡ್ ಹ್ಯಾಂಡ್. 2022ರಾಗ ಇದನ್ನ ನಮ್ಮ ದೇಶದಾಗ ಮಾಡೋದೇ ನಿಲ್ಲಿಸಿದ್ರಂತ, ಅದಕ್ಕ ಹುಡುಗ್ರಿಗೆ ಇದರ ಮ್ಯಾಲೆ ಮತ್ತಷ್ಟು ಜೀವ. ಇಂಜಿನ್ ನೋಡಿದ್ರ ಸಣ್ಣದು, 999 ಸಿಸಿ, ಮೂರೇ ಸಿಲಿಂಡರು. "ಇಷ್ಟ ಸಣ್ಣ ಇಂಜಿನ್ನಿಗೆ 110 ಪಿಎಸ್ ಶಕ್ತಿ ಎಲ್ಲಿಂದ ಬರ್ತದೋ?" ಅಂತ ಕೇಳಿದ್ದಕ್ಕ, "ಟರ್ಬೊ ಅದ ಅವ್ವಾ" ಅಂದ.

ಟರ್ಬೊ ಅಂದ್ರೇನು ಅಂತ ಅವ ಮೊಬೈಲಿನ್ಯಾಗ ಚಿತ್ರಾ ತೋರಿಸಿ ಹೇಳಿದ. ನನಗ ತಿಳದದ್ದು ನಮ್ಮ ಅಜ್ಜಿ ಒಲಿಯಿಂದ. ಹಸೀ ಕಟಗಿ ಇದ್ದಾಗ ಊದುಗೊಳವಿ ಹಚ್ಚಿ ಊದಿದ್ರ ಭಗ್ ಅಂತ ಉರೀತಿತ್ತಲ್ಲ, ಅದೇ ಲೆಕ್ಕ. ಗಾಳಿ ಜಾಸ್ತಿ ಹೋದ್ರ ಎಣ್ಣಿ ಜಾಸ್ತಿ ಸುಡ್ತದ, ಶಕ್ತಿ ಜಾಸ್ತಿ ಬರ್ತದ. ಆದ್ರ ಇಲ್ಲೆ ಊದೋರು ಯಾರೂ ಇಲ್ಲ. ಹೊರಗ ಹೋಗೋ ಬಿಸಿ ಹೊಗಿನೇ ಒಂದ ಗಾಲಿ ತಿರಗಸ್ತದ, ಆ ಗಾಲಿ ಮತ್ತೊಂದ ಗಾಲಿ ತಿರಗಿಸಿ ಗಾಳೀನ ಒಳಗ ಒತ್ತತದ. ಅಂದ್ರ ಒಲಿ ಹೊಗಿನೇ ಒಲಿ ಊದತದ! ಇದನ್ನ ಕಂಡ ಹಿಡದವ್ರಿಗೆ ಕೈ ಮುಗೀಬೇಕ ನೋಡ್ರಿ.

ಇಷ್ಟಾದ ಮ್ಯಾಲೆ ಅವಂದು ಖರೇ ಬೇಡಿಕಿ ಹೊರಗ ಬಂತು. ರೀಮ್ಯಾಪ್. ಗಾಡಿಯೊಳಗ ಒಂದ ಸಣ್ಣ ಕಂಪ್ಯೂಟರ್ ಇರ್ತದಂತ, ಎಷ್ಟ ಗಾಳಿ ಒತ್ತಬೇಕು, ಎಷ್ಟ ಪೆಟ್ರೋಲ್ ಬಿಡಬೇಕು, ಕಿಡಿ ಯಾವಾಗ ಹಾರಬೇಕು ಎಲ್ಲಾ ಅದೇ ಹೇಳೋದು. ಆ ಲೆಕ್ಕಾ ಬದಲಿ ಮಾಡಿದ್ರ 110 ಇದ್ದದ್ದು 130ರ ಮ್ಯಾಲೆ ಹೋಗ್ತದ ಅಂತ ಅಂಗಡಿಯವ್ರು ಹೇಳ್ಯಾರಂತ. ಅದರ ಜೋಡಿ ಹೊಸಾ ಸೈಲೆನ್ಸರು, ಗಾಳಿ ಫಿಲ್ಟರು, 16 ಇಂಚಿನ ಅಲಾಯ್. ಎರಡ ವರ್ಷ ಪಗಾರದಾಗ ಉಳಿಸಿದ ರೊಕ್ಕ ಎಪ್ಪತ್ತ ಸಾವಿರ, ಎಲ್ಲಾ ಅದಕ್ಕ.

ನಾ ಏನಂದೆ ಅಂದ್ರ, "ಒಂದ ಪೈನೂ ಹಚ್ಚಬ್ಯಾಡ. ಆ ರೊಕ್ಕ ಡಿಪಾಜಿಟ್ ಇಡು." ತಪ್ಪ ಮಾಡಿದೆ. ಅವನ ರೊಕ್ಕ, ಅವನ ಆಶಾ. ನಾ ಮೂವತ್ತ ವರ್ಷದ ಹಿಂದ ಹೊಲಿಗಿ ಮಷಿನ್ನಿಗೆ ಮೋಟರ್ ಹಚ್ಚಿಸ್ತೀನಿ ಅಂದಾಗ ನಮ್ಮತ್ತಿ ಹಿಂಗ ಅಂದಿದ್ರು, ನನಗ ಎಷ್ಟ ಬ್ಯಾಸರ ಆಗಿತ್ತು. ಆದ್ರ ಬಾಯಿಂದ ಬಂದ ಹೋತು. ಅವ ಎದುರ ಮಾತಾಡ್ಲಿಲ್ಲ. ಮಾತಾಡೋದೇ ಬಿಟ್ಟ. ಮುಂಜಾನೆ ಡಬ್ಬಿ ತಗೊಂಡ ಹೋಗಾಂವ, ರಾತ್ರಿ ಬಂದ ಭಕ್ರಿ ತಿಂದ ಮಲಗಾಂವ. ನಮ್ಮನಿಯವ್ರು ಪೇಪರಿನ ಹಿಂದ ಅಡಗಿ ಕೂತಬಿಟ್ರು.

ನನ್ನ ಹೊಟ್ಯಾಗಿನ ಅಂಜಿಕಿ ಬ್ಯಾರೆನೇ ಇತ್ತು. ನಮ್ಮ ಹುಬ್ಬಳ್ಳಿ-ಧಾರವಾಡ ಬೈಪಾಸ್ ನಿಮಗ ಗೊತ್ತದ. 2021ರ ಜನವರಿಯೊಳಗ ಇಟಿಗಟ್ಟಿ ಹತ್ರ ದಾವಣಗೆರಿ ಗೆಳತ್ಯಾರು ಗೋವಾಕ್ಕ ಹೊಂಟಾಗ ಏನಾತು ಅನ್ನೋದು ಟಿವಿಯೊಳಗ ನೋಡಿ ನಾವೆಲ್ಲಾ ಅತ್ತೀವಿ. ನನ್ನಷ್ಟ ವಯಸ್ಸಿನ ಹೆಣ್ಮಕ್ಕಳೂ ಇದ್ರು ಅದರಾಗ. ಮಗ ರಾತ್ರಿ ಹತ್ತರ ಮ್ಯಾಲೆ ಧಾರವಾಡದಿಂದ ಬರೋದಿದ್ರ ಇವತ್ತಿಗೂ ನಾ ಗೇಟಿನ ಸಪ್ಪಳ ಕೇಳೋ ತನಕಾ ಮಲಗೋದಿಲ್ಲ. ಅಂಥಾದ್ರಾಗ ಗಾಡಿಗೆ ಇನ್ನೂ ಜೋರು ಓಡೋ ಔಷಧಾ ಹಾಕಸ್ತೀನಿ ಅಂದ್ರ ತಾಯಿ ಏನಂತಾಳ?

ಜುಲೈದಾಗ ಬೆಳಗಾವಿ ಮಾಮಾರ ಮನಿಗೆ ಹೋಗೋದಿತ್ತು. ಮಾತಿಲ್ಲದ ಗಾಡ್ಯಾಗ ನಾವಿಬ್ರೇ. ಜಿಟಿಜಿಟಿ ಮಳಿ. ಕಿತ್ತೂರ ದಾಟಿದ ಮ್ಯಾಲೆ ಡಿವೈಡರ್ ಸಂದಿಯಿಂದ ಒಂದ ಎಮ್ಮಿ ಎದುರಿಗೇ ಬಂದ ನಿಂತಬಿಡ್ತು. ಇವ ಪೂರ್ತಿ ಬ್ರೇಕ್ ಒತ್ತಿದ. ಗಾಡಿ ನಿಲ್ಲೋದಿಲ್ಲ! ಎಣ್ಣಿ ಹಚ್ಚಿದ ತಾಟಿನ್ಯಾಗ ಬರಫಿ ಜಾರಿದಂಗ ಸುಮ್ಮನ ಜಾರತದ. ಎಮ್ಮಿಗೆ ಒಂದ ಮೊಳ ಇದ್ದಾಗ ನಿಂತಿತು. ಎಮ್ಮಿ ನಮ್ಮನ್ನ ಒಮ್ಮೆ ನೋಡಿ ತನ್ನ ದಾರಿ ಹಿಡದ ಹೋತು. ಅವನ ಕೈ ನಡಗ್ತಿದ್ವು. "ಎಬಿಎಸ್ ಇದ್ರೂ ಹಿಡೀಲಿಲ್ಲವಾ" ಅಂದ. ಎಂಟ ದಿವಸದಾಗ ಅದೇ ಮೊದಲನೇ ಮಾತು.

ಎಬಿಎಸ್ ಗಾಲಿ ಜಾಮ್ ಆಗಲಿಕ್ಕೆ ಬಿಡೋದಿಲ್ಲಂತ, ಖರೇ. ಆದ್ರ ರಬ್ಬರೇ ರಸ್ತೆ ಹಿಡೀಲಿಲ್ಲಂದ್ರ ಅದರ ಕೈಯಾಗೇನದ? ಮಾಮಾರ ಮನಿ ಅಂಗಳದಾಗ ನಿಂತ ಅವ ಟೈರ್ ತೋರಿಸಿದ. ಅಂಚಿನ ಮ್ಯಾಲೆ ಇಂಗ್ಲಿಷ್ ಅಕ್ಷರಗಳ ಕಡೀಗೆ ನಾಕ ಅಂಕಿ ಇರ್ತಾವ. ಮೊದಲಿನೆರಡು ವಾರ, ಕಡೀವೆರಡು ವರ್ಷ. ನಮ್ಮದ್ರಾಗ 0720 ಅಂತಿತ್ತು, ಅಂದ್ರ 2020ರ ಏಳನೇ ವಾರದಾಗ ಮಾಡಿದ್ದು. ಗಾಡಿ ಜೋಡಿ ಬಂದದ್ದೇ ಟೈರು! ಎಳಿ ನೋಡಿದ್ರ ಇನ್ನೂ ಅವ, ಅದಕ್ಕ ಇವ ಸುಮ್ಮನಿದ್ದ. ಉಗುರು ಒತ್ತಿ ನೋಡಿದೆ, ಕಟಗಿ ಆದಂಗ ಆಗಿತ್ತು. ಮನ್ಯಾಗ ಸಾಂಬಾರ ಪುಡಿ ಪಾಕೀಟಿನ ತಾರೀಖ ನೋಡದ ಒಗ್ಗರಣಿಗೆ ಹಾಕದಾಕಿ ನಾನು, ಮಗ ಜೀವಾ ಇಟ್ಟ ಓಡಾಡೋ ಟೈರಿನ ತಾರೀಖ ನೋಡಿರ್ಲಿಲ್ಲ.

ಅವತ್ತ ವಾಪಸ್ ಬರೋವಾಗ ನಾನೇ ಕೇಳಿದೆ, "ಮೊದಲ ಏನೇನ ಮಾಡಸ್ಬೇಕೋ, ಮತ್ತೊಮ್ಮೆ ಹೇಳು." ಈ ಸಲಾ ಬಾಯಿ ಮುಚಗೊಂಡ ಕೇಳಿದೆ. ಅವ ಖರೇನೇ ಅಭ್ಯಾಸ ಮಾಡ್ಯಾನ್ರಿ. ರೀಮ್ಯಾಪಿಗೆ 95 ಆಕ್ಟೇನ್ ಪೆಟ್ರೋಲ್ ಬೇಕು, ಅದು ತುಟ್ಟಿ. ಕ್ಲಚ್ಚಿನ ಮ್ಯಾಲೆ ಭಾರ ಬೀಳತದ, ಹಳೇದಿದ್ರ ಜಾರತದ. ಸ್ಪಾರ್ಕ್ ಪ್ಲಗ್ ಹೊಸಾವಿರಬೇಕು. ಇಷ್ಟೆಲ್ಲಾ ಅವಗ ಗೊತ್ತಿತ್ತು, ಆದ್ರ ಆಶಾದ ಮುಂದ ಹಿಂದ ಸರದಿತ್ತು. ಬಾಜೂಮನಿ ವಕೀಲರನ್ನೂ ಕೇಳಿದ್ವಿ. ಅವ್ರು ಮೋಟಾರು ವಾಹನ ಕಾಯ್ದೆ 52ನೇ ಕಲಂ ತಗದ ತೋರಿಸಿದ್ರು, ಆರ್‌ಸಿಯೊಳಗಿನ ವಿವರಕ್ಕ ವ್ಯತ್ಯಾಸ ಬರೋಹಂಗ ಗಾಡಿ ಬದಲಿ ಮಾಡೋಹಂಗಿಲ್ಲ. ವಿಮಾದವ್ರಿಗೆ ತಿಳಿಸದ ಏನರೆ ಮಾಡಿಸಿದ್ರ ನಾಳೆ ಕ್ಲೇಮಿಗೆ ತಕರಾರು ತಗೀಬಹುದು ಅಂದ್ರು. ಸೈಲೆನ್ಸರ್ ಅಲ್ಲಿಗೇ ಬಿತ್ತು. ಅದಂತೂ ನನಗ ಹಾಲ ಕುಡದಷ್ಟ ಸಂತೋಷ, ಓಣ್ಯಾಗ ಸಣ್ಣ ಕೂಸುಗಳವ.

ಕಡೀಗೆ ಆದದ್ದಿಷ್ಟು. ಹೊಸಾ ನಾಕ ಟೈರು, ಮುಂದಿನ ಬ್ರೇಕ್ ಪ್ಯಾಡು, ಹಿಂದಿನ ಡ್ರಮ್ ಬಿಚ್ಚಿ ಸ್ವಚ್ಛ ಮಾಡಿದ್ದು, ಬ್ರೇಕ್ ಆಯಿಲ್, ಇಂಜಿನ್ ಆಯಿಲ್, ಪ್ಲಗ್ಗು, ಫಿಲ್ಟರು. ಬ್ರೇಕ್ ಆಯಿಲ್ ಸುದ್ದಿ ನಿಮಗ ಹೇಳಲೇಬೇಕು, ಯಾಕಂದ್ರ ನಿಮ್ಮೆಲ್ಲಾರ ಮನಿ ಗಾಡಿಗೂ ಇದು ಬೇಕಾದದ್ದು. ಮಳಿಗಾಲದಾಗ ಉಪ್ಪಿನ ಡಬ್ಬಿ ಹೆಂಗ ಪಸಿ ಎಳೀತದೋ ಹಂಗ ಆ ಎಣ್ಣಿ ಗಾಳ್ಯಾಗಿನ ಪಸಿ ಎಳೀತದಂತ. ಘಾಟಿನ್ಯಾಗ ಬ್ರೇಕ್ ಒತ್ತಿ ಒತ್ತಿ ಕಾದಾಗ ಆ ನೀರು ಉಗಿ ಆಗಿ, ಕಾಲ ಒತ್ತಿದ್ರ ಮೆತ್ತಗ ಒಳಗ ಹೋಗ್ತದ, ಗಾಡಿ ನಿಲ್ಲೋದಿಲ್ಲ. ಎರಡ ವರ್ಷಕ್ಕೊಮ್ಮೆ ಬದಲಿ ಮಾಡಸ್ಬೇಕು. ನಮ್ಮದು ಚಹಾದ ಬಣ್ಣ ಆಗಿತ್ತು.

ಅಲಾಯ್ ಮಾತ್ರ ಟೈರ್ ಅಂಗಡಿಯವರೇ ಬ್ಯಾಡ ಅಂದ್ರು. ರಿಮ್ ದೊಡ್ಡದಾದ್ರ ಟೈರಿನ ಗೋಡಿ ಸಣ್ಣದಾಗ್ತದ, ನಮ್ಮ ಊರಿನ ತಗ್ಗಿಗೆ ರಿಮ್ಮೇ ಬಾಗತದ ಅಂತ. ಹುಬ್ಬಳ್ಳಿ ತಗ್ಗುಗಳಿಂದ ನನಗ ಒಮ್ಮೆಯರೆ ಉಪಕಾರ ಆತು. 15 ಇಂಚಿನವೇ ಉಳದ್ವು.

ಎಲ್ಲಾ ಸೇರಿ 43,000 ಆತು. ಉಳದ 27,000 ಅವನ ಖಾತೆಯಾಗ ಹಂಗೇ ಅದ. ದೀಪಾವಳಿ ಆದ ಮ್ಯಾಲೆ ಇನ್ನಷ್ಟ ಕೂಡಿಸಿ ರೀಮ್ಯಾಪ್ ಮಾಡಸ್ತೀನಿ ಅಂತಾನ. ವಿಮಾದವ್ರಿಗೆ ಕಾಗದ ಕೊಟ್ಟ ಮಾಡಿಸು ಅಂದೀನಿ, ಬ್ಯಾಡ ಅಂದಿಲ್ಲ. ಹೊಸಾ ಟೈರ್ ಹಾಕಿದ ಮ್ಯಾಲೆ ನನ್ನ ಕೂಡಿಸ್ಕೊಂಡ ಅನಮೋಡ ಘಾಟಿನ ತನಕಾ ಹೋಗಿ ಬಂದ. ಏರಿನ್ಯಾಗ ಕಾಲ ಒತ್ತಿದಾಗ ಆ ಊದುಗೊಳವಿ ಊದಿ ಬೆನ್ನ ಸೀಟಿಗೆ ಒತ್ತತದ ನೋಡ್ರಿ, ನಮ್ಮನಿಯವ್ರಿಗೆ ಹೇಳಬ್ಯಾಡ್ರಿ, ಛೊಲೋ ಅನಸ್ತು.