ನೆರೆಮನೆಯ ಕಾರ್ಡು



ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಮಗನೊಡನೆ ವಾಸವಾಗಿರುವ ನನಗೆ ಇಲ್ಲಿಯವರ ಬೇಸ್‌ಬಾಲ್ ಆಟವು ಇನ್ನೂ ಸರಿಯಾಗಿ ತಿಳಿಯದು. ಆದರೂ ಒಬ್ಬ ಆಟಗಾರರ ಹಳೆಯ ಕಾರ್ಡಿನ ವಿಷಯದಲ್ಲಿ ನೆರೆಮನೆಯ ವೃದ್ಧೆಗೆ ಸಲಹೆ ಹೇಳಬೇಕಾಯಿತು. ಪುಸ್ತಕಾಲಯದಲ್ಲಿ ಬಹುಕಾಲ ಕೆಲಸ ಮಾಡಿದವಳು ಹಳೆಯ ಕಾಗದವನ್ನು ಬಲ್ಲಳೆಂದು ಅವರ ನಂಬಿಕೆ.

ಅವರ ದಿವಂಗತ ಪತಿಯು ಬಾಲ್ಯದಲ್ಲಿ ಬಬಲ್ ಗಮ್ಮಿನ ಪೊಟ್ಟಣದೊಡನೆ ಪಡೆದ ಕಾರ್ಡು ಅದು. 1955ರಲ್ಲಿ ಟಾಪ್ಸ್ ಕಂಪೆನಿಯವರು ಹೊರಡಿಸಿದ್ದು. ಅದರಲ್ಲಿದ್ದವರು ರೊಬೆರ್ಟೊ ಕ್ಲೆಮೆಂಟೆ. ಅವರ ಮೊದಲ ವರ್ಷದ ಕಾರ್ಡಾದುದರಿಂದ ಸಂಗ್ರಾಹಕರು ಅದನ್ನು ಬಹಳವಾಗಿ ಅರಸುವರು. ಈ ನಗರದ ತಂಡದಲ್ಲಿ 18 ವರ್ಷ ಆಡಿದ ಈ ಮಹನೀಯರು, 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪಪೀಡಿತರಿಗೆ ಸಾಮಗ್ರಿಯನ್ನು ಒಯ್ಯುತ್ತಿದ್ದಾಗ, ವಿಮಾನವು ಸಮುದ್ರದಲ್ಲಿ ಬಿದ್ದು ತೀರಿಕೊಂಡರು.

ಮೊಮ್ಮಗಳ ಕಾಲೇಜು ಫೀಸಿಗಾಗಿ ಕಾರ್ಡನ್ನು ಮಾರಬೇಕಾಗಿದ್ದಿತು. ಅದಕ್ಕೆ ಮುಂಚೆ ಪರೀಕ್ಷಕ ಸಂಸ್ಥೆಗೆ ಕಳುಹಿಸುವುದೋ ಬೇಡವೋ? ಅಲ್ಲಿ ಮೂಲೆ, ಅಂಚು, ಮೇಲ್ಮೈಗಳನ್ನೂ, ಚಿತ್ರದ ಸುತ್ತಲಿನ ಬಿಳಿಯ ಪಟ್ಟಿಯು ಸಮವಾಗಿದೆಯೋ ಎಂಬುದನ್ನೂ ನೋಡಿ, 1ರಿಂದ 10ರ ವರೆಗೆ ಅಂಕವಿತ್ತು, ಪ್ಲಾಸ್ಟಿಕ್ ಕವಚದಲ್ಲಿ ಭದ್ರಪಡಿಸಿ ಕೊಡುವರು. ಸಾಧಾರಣ ಆಟಗಾರನ ಸವೆದ ಕಾರ್ಡಾದರೆ ಶುಲ್ಕವೇ ಬೆಲೆಯನ್ನು ಮೀರುವುದುಂಟು. ಲೆಕ್ಕ ಹಾಕದೆ ಕಳುಹಿಸುವುದು ಬರಿಯ ದುಂದು.

ದೀಪದ ಕೆಳಗೆ ಓರೆಯಾಗಿ ಹಿಡಿದಾಗ ಒಂದು ಮೂಲೆಯಲ್ಲಿ ಮಡಿಕೆಯ ಗೆರೆ ಕಂಡಿತು. ಹಿಂಬದಿಯಲ್ಲಿ, ಹುಡುಗನ ದುಂಡಕ್ಷರದಲ್ಲಿ, ಪೆನ್ಸಿಲಿನಿಂದ ಬರೆದ ಹೆಸರು. ಹೆಚ್ಚಿನ ಅಂಕದ ಆಸೆ ಅಲ್ಲಿಗೇ ತೀರಿತು. ಹೆಸರನ್ನು ಅಳಿಸಿಬಿಡಿರೆಂದು ಯಾರೋ ಹೇಳಿದ್ದರಂತೆ! ರಬ್ಬರು ಉಜ್ಜಿದ ಕಾಗದವು ತಾನೇ ಸಾಕ್ಷಿ ನುಡಿಯುವುದು. ಮೇಲಾಗಿ ಪತಿಯ ಹೆಸರನ್ನು ಪತ್ನಿಯ ಕೈಯಿಂದಲೇ ಅಳಿಸುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ.

ಅಂಕವನ್ನಾದರೂ ಕಣ್ಣು ಮುಚ್ಚಿ ನಂಬುವಂತಿಲ್ಲ. 1991ರಲ್ಲಿ ಆರಂಭವಾದ ಪಿ.ಎಸ್.ಎ. ಸಂಸ್ಥೆಯು ಮೊಟ್ಟಮೊದಲು ಪರೀಕ್ಷಿಸಿ 8 ಅಂಕ ಕೊಟ್ಟದ್ದು ಹೋನಸ್ ವಾಗ್ನರರ ಕಾರ್ಡಿಗೆ. ಅದರ ಅಂಚನ್ನು ತಾನೇ ಕತ್ತರಿಸಿದ್ದೆನೆಂದು ಹಿಂದೆ ಅದನ್ನು ಮಾರಿದ್ದ ವ್ಯಾಪಾರಿಯು 2013ರಲ್ಲಿ ಒಪ್ಪಿಕೊಂಡನು.

ಆದರೂ ಕಳುಹಿಸಿರೆಂದೇ ಹೇಳಿದೆನು. ಕ್ಲೆಮೆಂಟೆಯವರ ಈ ಕಾರ್ಡಿಗೆ ನಕಲುಗಳುಂಟು. ಪರಸ್ಥಳದ ಗಿರಾಕಿಯು ವೃದ್ಧೆಯ ಮಾತೊಂದನ್ನೇ ನಂಬಿ ಪೂರ್ಣ ಬೆಲೆ ಕೊಡನು. ಅಂಕ ಕಡಮೆಯಾದರೂ ಕಾರ್ಡು ಅಸಲೆಂಬ ಪ್ರಮಾಣವು ಶುಲ್ಕವನ್ನು ತೀರಿಸುವುದೆಂದು ಲೆಕ್ಕ ಹೇಳಿತು. ಮಾರದೆ ಮನೆಯಲ್ಲಿಡುವುದಾಗಿದ್ದರೆ ಒಂದು ಗಟ್ಟಿ ಲಕೋಟೆ ಸಾಕೆನ್ನುತ್ತಿದ್ದೆನು.

ವಿಮೆ ಮಾಡಿಸಿ ಟಪಾಲಿಗೆ ಹಾಕಿದೆವು. ಎರಡು ತಿಂಗಳ ಮೇಲೆ 3 ಅಂಕದೊಡನೆ, ಹಿಂಬದಿಯಲ್ಲಿ ಬರಹವಿದೆಯೆಂಬ ಸೂಚನೆಯೊಡನೆ ಹಿಂದಿರುಗಿತು. ಮಾರಿ ಬಂದ ಹಣವು ಫೀಸಿನ ಒಂದು ಪಾಲಿಗೆ ಒದಗಿತು. ಹೆಸರು ಕಾರ್ಡಿನೊಡನೆ ಹೋಯಿತು.