ಕೊಲ್ಲಿಯ ದಡದಲ್ಲಿ ಹುಸಿಯಾದ ಭವಿಷ್ಯ

ಸ್ಯಾನ್ ಫ್ರಾನ್ಸಿಸ್ಕೊ ನಗರದ ಮೂಡಣ ಅಂಚಿನಲ್ಲಿ, ಕೊಲ್ಲಿಯ ನೀರಿಗೆ ಸಮೀಪವಾಗಿ, ಚೇಸ್ ಸೆಂಟರ್ ಎಂಬ ವಿಶಾಲ ಕ್ರೀಡಾಭವನವಿದೆ. 2019ರಲ್ಲಿ ತೆರೆದ ಈ ಭವನ ಬ್ಯಾಸ್ಕೆಟ್‌ಬಾಲಿನ ನೆಲೆ. ಆದರೆ 2022ರ ನವೆಂಬರ್ 5ರಂದು ಅಲ್ಲಿ ನೆರೆದ ಜನಸ್ತೋಮ ನೋಡಬಂದುದು ಚೆಂಡಾಟವನ್ನಲ್ಲ. ‘ಲೀಗ್ ಆಫ್ ಲೆಜೆಂಡ್ಸ್’ ಎಂಬ ಕಂಪ್ಯೂಟರ್ ಕಾಳಗದ ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯವನ್ನು. ಐವರೈವರ ಎರಡು ತಂಡಗಳು. ಎರಡೂ ದಕ್ಷಿಣ ಕೊರಿಯದವು.

ಗೆಲುವು ಟಿ1 ತಂಡದ್ದೇ ಎಂದು ಆಟ ಬಲ್ಲವರಲ್ಲಿ ಬಹುಮಂದಿ ಭವಿಷ್ಯ ನುಡಿದಿದ್ದರು. ಅದು ಅಕಾರಣವೇನಲ್ಲ. ಟಿ1ರ ಮುಂದಾಳು ‘ಫೇಕರ್’ ಅದಾಗಲೇ ಮೂರು ಬಾರಿ ಜಗಜ್ಜೇತ. ಎದುರಾಳಿ ಡಿಆರ್‌ಎಕ್ಸ್ ಕೊರಿಯದಿಂದ ಬಂದ ನಾಲ್ಕನೆಯ, ಕಡೆಯ ತಂಡ. ಅದರ ‘ಡೆಫ್ಟ್’ ಫೇಕರನಂತೆಯೇ ಸಿಯೋಲಿನ ಮಾಪೊ ಹೈಸ್ಕೂಲಿನವನು, 2013ರಲ್ಲೇ ಕಣಕ್ಕಿಳಿದವನು. ಒಂಬತ್ತು ವರ್ಷ ಕಳೆದರೂ ವಿಶ್ವಪದವಿ ಆತನಿಗೆ ಎಟುಕಿರಲಿಲ್ಲ.

ಆ ತಂಡ ಹಾದುಬಂದ ದಾರಿಯಾದರೂ ಎಂತಹುದು! ಮೆಕ್ಸಿಕೊ ನಗರದ ಪ್ರವೇಶ ಸುತ್ತಿನಿಂದ ಅದರ ಪಯಣ ಮೊದಲು. ನ್ಯೂಯಾರ್ಕಿನಲ್ಲಿ, ಹಿಂದಿನ ವರ್ಷದ ವಿಜೇತರಾದ ಚೀನದ ಇಡಿಜಿಗೆ ಎರಡು ಆಟ ಸೋತು, ಉಳಿದ ಮೂರನ್ನೂ ಗೆದ್ದಿತು. ಅಟ್ಲಾಂಟಾದಲ್ಲಿ ಕೊರಿಯದ ಅಗ್ರತಂಡ ಜೆನ್‌ಜಿಯನ್ನು ಕೆಡವಿತು. ಕೊಲ್ಲಿಯ ದಡದಲ್ಲಿಯೂ ಎರಡು ಸಲ ಹಿಂದೆ ಬಿದ್ದು, ಎರಡು ಸಲ ಸಮಮಾಡಿ, ಐದನೆಯ ಆಟದಲ್ಲಿ ಜಯ ಪಡೆಯಿತು. ಪ್ರವೇಶ ಸುತ್ತಿನಿಂದ ಬಂದು ಕಿರೀಟ ಧರಿಸಿದ ಮೊದಲ ತಂಡ ಅದು.

ಟಿ1 ಬಲಹೀನವೇನಾಗಿರಲಿಲ್ಲ, 2023, 2024, 2025ರಲ್ಲಿ ಸತತವಾಗಿ ಅದೇ ವಿಶ್ವವಿಜೇತ. ಭವಿಷ್ಯ ನುಡಿದವರು ಅದರ ಬಲವನ್ನು ಸರಿಯಾಗಿಯೇ ಅಳೆದಿದ್ದರು. ಊರಿಂದೂರಿಗೆ ಸೋಲಿನಂಚಿನಿಂದ ಎದ್ದು ಬಂದವರ ಸೈರಣೆಗೆ ಮಾತ್ರ ಆ ಲೆಕ್ಕದಲ್ಲಿ ಎಡೆಯಿರಲಿಲ್ಲ.